ಇಲಿ ಕಡಿದ ತಂತಿ

ಸೆಪ್ಟೆಂಬರ್ 2, ಸೋಮವಾರ

ಬ್ಯಾಂಡಿನವರ ಕೋಟಿನ ಬಟ್ಟೆ ಬಂತು. ಕಡುನೀಲಿ, ಒಳ್ಳೆ ತೂಕದ ಬಟ್ಟೆ. ಪ್ರತಿ ಕೋಟಿಗೂ ಎದೆಯ ಮೇಲೆ ಒಂದು ಪುಟ್ಟ ತುತ್ತೂರಿ, ಬೆನ್ನ ತುಂಬ ರೆಕ್ಕೆ ಬಿಚ್ಚಿದ ಹದ್ದು. ತಿಂಗಳ ಕೊನೆಗೆ ಅವರ ದೊಡ್ಡ ಕಾರ್ಯಕ್ರಮ. ಬ್ಯಾಂಡ್ ಮೇಷ್ಟ್ರು, "ನಿಮ್ಮ ಅಂಗಡಿ ಅಂತ ಕೊಡ್ತಿದ್ದೀನಿ ದೊಡ್ಡಮ್ಮ, ಬೇರೆಯವರನ್ನ ಕೇಳೋಕೂ ಹೋಗಿಲ್ಲ" ಎಂದರು. ಕೇಳಬೇಕಾಗಿಯೂ ಇಲ್ಲ. ಯಜಮಾನರು ಹೋದ ಮೇಲೆ ಈ ಕಸೂತಿ ಅಂಗಡಿಯನ್ನು ನಾನೊಬ್ಬಳೇ ಎತ್ತಿ ನಿಲ್ಲಿಸಿದ್ದು.

ಯಂತ್ರ ಹಳೆಯದು, ಮಾತು ಮಾತ್ರ ಹೊಸದು. ಅಳಿಯ ಕಂಪ್ಯೂಟರಿನಲ್ಲಿ ಹದ್ದನ್ನು ಬರೆಯುತ್ತಾನೆ, ಅದು ಒಂದು ಕೇಬಲ್ಲಿನಲ್ಲಿ ಹರಿದು ಯಂತ್ರಕ್ಕೆ ಹೋಗುತ್ತದೆ, ಸೂಜಿ ಹೊಲಿಯುತ್ತದೆ. ಅವನು ದುಡಿಯುತ್ತಿದ್ದ ರೇಡಿಯೋ ಅಂಗಡಿ ಮುಚ್ಚಿದ ಮೇಲೆ ಮಗಳ ಜೊತೆ ನಮ್ಮ ಮನೆಗೇ ಬಂದು ಇದ್ದಾನೆ. ಎದುರಿಗೆ ನೀವು ತಾವು ಎನ್ನುತ್ತೇನೆ. ಈ ಪುಸ್ತಕದಲ್ಲಿ ಅಷ್ಟು ಮರ್ಯಾದೆ ಬೇಕಿಲ್ಲ.

ಇವತ್ತು ಏನೋ ಹೇಳಲು ಬಂದ. "ಅತ್ತೆ, ಕಂಪ್ಯೂಟರ್ ಹಿಂದುಗಡೆ ಆ ಪ್ಲಗ್ಗಿಗೆ..."

"ಮೊದಲು ಕೋಟು ಮುಗಿಸಿ ಅಳಿಯಂದಿರೇ. ಆಮೇಲೆ ಹಿಂದುಗಡೆ, ಮುಂದುಗಡೆ."

ಅವನು ಒಂದು ಮಾತಾಡುವಷ್ಟರಲ್ಲಿ ಬಾವಿಯಿಂದ ಹತ್ತು ಕೊಡ ನೀರು ಸೇದಬಹುದು. ಅಷ್ಟು ಹೊತ್ತು ಯಾರು ನಿಲ್ಲುತ್ತಾರೆ?

ಸಂಜೆ ಬಾಗಿಲು ಹಾಕುವ ಮುಂಚೆ ಎಂದಿನಂತೆ ಸಣ್ಣ ಕತ್ತರಿ ಹಿಡಿದು ಒಂದು ಸುತ್ತು ಹೋದೆ. ಜೋತ ದಾರ ಕಂಡರೆ ನನಗಾಗದು. ಕಸೂತಿಯ ಯೋಗ್ಯತೆ ಅದರ ಹಿಂಬದಿಯಲ್ಲಿದೆ. ಯಂತ್ರದ ಪಕ್ಕಕ್ಕೆ ಜಡಿದ ಹಲಗೆಯ ಮೇಲೆ ಕಂಪ್ಯೂಟರ್ ಕೂತಿದೆ. ಗೋಡೆಗೂ ಅದಕ್ಕೂ ನನ್ನ ಕೈ ತೂರುವಷ್ಟೇ ಸಂದು. ಅಲ್ಲಿ ಎರಡು ಕೆಂಪು ಎಳೆಗಳು ಹೊರಗೆ ಉಬ್ಬಿ ನಿಂತಿದ್ದವು. ಎರಡೂ ಕಡೆ ಬುಡಕ್ಕೆ ಕತ್ತರಿಸಿ ತುಂಡುಗಳನ್ನು ಡಬ್ಬಿಗೆ ಹಾಕಿದೆ. ಸ್ವಲ್ಪ ಗಟ್ಟಿಯಿದ್ದವು, ಮೇಣ ಹಚ್ಚಿದ ದಾರವಿರಬೇಕು. ಕನ್ನಡಕ ಹಾಕು ಎಂದು ಮಗಳು ಪ್ರಾಣ ತಿನ್ನುತ್ತಾಳೆ. ದಾರ ನೋಡಲು ನನಗೆ ಕನ್ನಡಕವೇ?

ಸೆಪ್ಟೆಂಬರ್ 4, ಬುಧವಾರ

ಎದೆಯ ತುತ್ತೂರಿಗಳೆಲ್ಲ ಮುಗಿದವು. ಒಂದು ಹೊಲಿಗೆಯೂ ಅತ್ತಿತ್ತ ಇಲ್ಲ.

ಡಬ್ಬಿಯಲ್ಲಿ ತುಂಬಿದ ದಾರದ ಚೂರುಗಳಿಂದ ಅಂಗಡಿಗೆ ಹೊಸ ಸೂಜಿದಿಂಬು ಹೊಲಿದೆ. ನಮ್ಮಲ್ಲಿ ಏನೂ ಹಾಳಾಗುವುದಿಲ್ಲ.

ಸೆಪ್ಟೆಂಬರ್ 7, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಮೊದಲ ಹದ್ದು ಕೂತಿತು. ತಲೆ ಚೆನ್ನಾಗಿ ಬಂತು, ಕತ್ತು ಬಂತು. ರೆಕ್ಕೆಯ ನಡುವೆ ಸೂಜಿ ಒಮ್ಮೆಲೇ ಎತ್ತಲೋ ಹಾರಿತು. ಬಾಲದ ಗರಿಗಳು ಕೊಕ್ಕಿನ ಮೇಲೆ ಬಿದ್ದವು. ಒಂದು ರೆಕ್ಕೆ ಅರ್ಧಕ್ಕೇ ನಿಂತಿತು. ಎರಡನೆಯ ಬಟ್ಟೆಗೂ ಅದೇ ಗತಿ.

ನಮ್ಮಲ್ಲಿ ಕೈಹೊಲಿಗೆ ಮಾಡುವ ಗುಂಡುಸೂಜಿ, ಅವಳ ನಾಲಿಗೆಗಾಗಿ ಆ ಹೆಸರು ಬಂದದ್ದು, ಬಂದು ನೋಡಿ, "ಹದ್ದಲ್ಲ ದೊಡ್ಡಮ್ಮ, ಬೆಕ್ಕಿನ ಬಾಯಿಂದ ಬಿಡಿಸಿಕೊಂಡ ಕೋಳಿ" ಎಂದಳು. ಎಲ್ಲ ನಕ್ಕರು. ನನ್ನ ಅಂಗಡಿಯಲ್ಲಿ ನನ್ನ ಕೆಲಸ ನೋಡಿ ನಕ್ಕರು.

ಅಳಿಯ ಪರದೆಯನ್ನೇ ನೋಡುತ್ತ, "ಚಿಕ್ಕದು ಸರಿಯಾಗಿ ಬರ್ತಿದೆ, ದೊಡ್ಡದು ಮಾತ್ರ... ಬಹುಶಃ ಕೇಬಲ್ಲಿನ..."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ. ಮತ್ತೆ ನಕ್ಕರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಾಲಿಗೆಗೆ ಎಲುಬಿಲ್ಲ. "ಹೆಂಡತಿ ಮನೇಲಿ ಕೂತು ಉಣ್ಣೋರಿಗೆ ಬಟ್ಟೆ ಹಾಳಾದರೇನು, ಮಾನ ಹೋದರೇನು? ತಟ್ಟೆ ಹೊತ್ತಿಗೆ ಬಂದರೆ ಆಯ್ತು."

ಯಾರೂ ನಗಲಿಲ್ಲ. ಅಳಿಯ ಯಂತ್ರ ಆರಿಸಿದ. ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡ, ಬಹಳ ಹೊತ್ತು ತೊಳೆದ. ಆಮೇಲೆ ಹೊರಗೆ ಹೋದ.

ನಾನು ಹೇಳಿದ್ದರಲ್ಲಿ ಸುಳ್ಳೇನಿದೆ?

ಸೆಪ್ಟೆಂಬರ್ 8, ಭಾನುವಾರ

ಅಳಿಯ ನಿನ್ನೆಯಿಂದ ಮನೆಯಲ್ಲಿ ಊಟ ಮಾಡಿಲ್ಲ. ಬೀದಿ ಕೊನೆಯ ಅಂಗಡಿಯಲ್ಲಿ ಬನ್ನು ತಿಂದು ಬರುತ್ತಾನಂತೆ. ಮಗಳು ಮೂರು ತಟ್ಟೆ ಇಟ್ಟು ಒಂದನ್ನು ತೆಗೆದಿಟ್ಟಳು. ನನ್ನನ್ನು ನೋಡಲಿಲ್ಲ.

ಹಠ ಮಾಡಲಿ. ಹೊಟ್ಟೆ ಹಸಿದರೆ ಬರುತ್ತಾನೆ.

ಸೆಪ್ಟೆಂಬರ್ 10, ಮಂಗಳವಾರ

ಬರಲಿಲ್ಲ.

ಇವತ್ತು ಮತ್ತೊಂದು ಹದ್ದು ಕೆಟ್ಟಿತು. ಅಳಿಯ ಈಗ ನನ್ನೊಡನೆ ನೇರವಾಗಿ ಮಾತಾಡುವುದಿಲ್ಲ. ನಾವು ಮೂವರೂ ಒಂದೇ ಕೋಣೆಯಲ್ಲಿದ್ದರೂ ಮಗಳ ಮೂಲಕ ಮಾತು ಬರುತ್ತದೆ.

"ಅಮ್ಮಾ, ಅವರು ಹೇಳ್ತಾರೆ, ಕಂಪ್ಯೂಟರ್ ಹೊಲಿಗೆಗಳನ್ನ ಒಂದರ ಹಿಂದೊಂದು ಹೇಳ್ತಾ ಹೋಗುತ್ತಂತೆ, ಮಣಿ ಪೋಣಿಸಿದ ಹಾಗೆ. ಅದರ ಬಾಯಿಂದ ಒಂದು ತಂತಿ ಯಂತ್ರದ ಕಿವಿಗೆ. ಯಂತ್ರದ ನೆನಪು ಅಂಗೈಯಷ್ಟು. ಅದು ತುಂಬಿದಾಗ 'ತಾಳು' ಅನ್ನೋಕೆ ಬೇರೆ ತಂತಿ ಇದೆಯಂತೆ. ತಾಳು ಅಂದದ್ದು ಕೇಳಿಸದಿದ್ದರೆ ಕಂಪ್ಯೂಟರ್ ಹೇಳ್ತಾನೇ ಇರುತ್ತೆ. ಹಿಡಿಯದೆ ಇದ್ದದ್ದು ಹೋಯ್ತು. ತುತ್ತೂರಿ ಚಿಕ್ಕದು, ಅಂಗೈಲಿ ಹಿಡಿಯಿತು. ಹದ್ದು ಹಿಡಿಯಲ್ಲ."

"ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ" ಎಂದೆ. ಅರ್ಥವಾಗದೆ ಇರಲು ನಾನೇನು ದಡ್ಡಿಯಲ್ಲ, ಹೈಸ್ಕೂಲು ಮುಗಿಸಿದವಳು.

"ಹೂಂ. ಅದಕ್ಕೆ ಯಂತ್ರ ಸರಿಸಿ, ಕಂಪ್ಯೂಟರ್ ಹಿಂದೆ ಕೇಬಲ್ ಸಿಕ್ಕಿಸಿದ ಪ್ಲಗ್ಗು ನೋಡಬೇಕಂತೆ. ಆ ಸಂದಿಗೆ ಅವರ ಕೈ ಹೋಗಲ್ಲ."

"ಬೇಡ. ಯಂತ್ರ ಅಲುಗಿಸಿದರೆ ಮಟ್ಟ ತಪ್ಪುತ್ತೆ. ಮಟ್ಟ ಕೂರಿಸೋಕೆ ಮತ್ತೆ ಇಡೀ ದಿನ. ಕಲಿತ ವಿದ್ಯೆಯಲ್ಲಿ ಲೋಪ ಇಟ್ಟುಕೊಂಡು ತಂತಿ ಮೇಲೆ ಹಾಕಬೇಡಿ ಅಂತ ಹೇಳು."

ಅವಳು ಹೇಳಲಿಲ್ಲ. ಅವನಿಗೆ ಕೇಳಿಸಿತ್ತು.

ಸೆಪ್ಟೆಂಬರ್ 11, ಬುಧವಾರ

ಮಗಳು ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿಕೊಂಡೇ ಹೇಳಿದಳು. ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಕ್ಕಿದೆಯಂತೆ. ಅಲ್ಲೇ ಇರಲು ಒಂದು ಕೋಣೆ ಕೊಡುತ್ತಾರಂತೆ. ಈ ಭಾನುವಾರ ದಾಟಿ ಮುಂದಿನ ಭಾನುವಾರ, ಇಪ್ಪತ್ತೆರಡಕ್ಕೆ, ಇಬ್ಬರೂ ಹೊರಡುತ್ತಾರೆ.

"ನೀನೂನಾ?"

"ನಾನು ಅವರ ಹೆಂಡತಿ ಅಮ್ಮಾ. ನಿನ್ನ ಸೂಜಿದಿಂಬಲ್ಲ."

ಸೆಪ್ಟೆಂಬರ್ 14, ಶನಿವಾರ

ಹೇಗೆ ಬರೆಯಲಿ?

ಮಧ್ಯಾಹ್ನ ಗುಂಡುಸೂಜಿ ಹೊಸ ದಿಂಬನ್ನು ತಂದು ನನ್ನ ಮುಂದಿಟ್ಟಳು. "ದೊಡ್ಡಮ್ಮ, ಇದರೊಳಗೆ ಏನು ತುಂಬಿದ್ದೀರಿ, ಕಡಲೆಕಾಯಿ ಸಿಪ್ಪೆನಾ? ಮೂರನೇ ಸೂಜಿ ಬಗ್ಗಿತು."

"ನಿನ್ನ ಕೈ ಒರಟು" ಎಂದು ಗದರಿದೆ. ಅವಳು ಹೋದ ಮೇಲೆ ಒಂದು ಸೂಜಿ ಚುಚ್ಚಿ ನೋಡಿದೆ. ಒಳಗೆ ಏನೋ ತಡೆಯಿತು. ಅಂಚು ಬಿಚ್ಚಿದೆ. ಕೋಣೆಗೆ ಹೋಗಿ ಪೆಟ್ಟಿಗೆಯ ತಳದಿಂದ ಕನ್ನಡಕ ತೆಗೆದು ಹಾಕಿಕೊಂಡೆ.

ಎರಡು ಕೆಂಪು ತುಂಡುಗಳು. ತುದಿಯಲ್ಲಿ ತಾಮ್ರ ಮಿನುಗುತ್ತಿತ್ತು.

ದಾರಕ್ಕೆ ಒಳಗೆ ತಾಮ್ರ ಇರುವುದಿಲ್ಲ.

ಸೆಪ್ಟೆಂಬರ್ 15, ಭಾನುವಾರ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೆಳಿಗ್ಗೆಯಿಂದ ಮಗಳು "ಅಮ್ಮಾ" ಎಂದಾಗಲೆಲ್ಲ ನನ್ನ ಕೈ ಸೊಂಟದ ಕತ್ತರಿಯ ಮೇಲೆ ಹೋಗುತ್ತಿದೆ.

ತಂತಿ ಕತ್ತರಿಸಿದ್ದನ್ನಾದರೂ ಹೇಳಿಬಿಡಬಹುದು. ಕಣ್ಣು ಮಂಜಾಯಿತು, ವಯಸ್ಸಾಯಿತು ಎನ್ನಬಹುದು. ತಟ್ಟೆಯ ಮಾತನ್ನು ಯಾವ ಕಣ್ಣಿನ ಮೇಲೆ ಹಾಕಲಿ? ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಅದೂ ಎಲ್ಲರ ಎದುರಿಗೆ, ಅವನು ಸುಮ್ಮನೆ ನಿಂತಿದ್ದಾಗ.

ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಟ್ಟೆ. ಅವನು ಬನ್ನು ತಿಂದು ಬಂದು ನೀರು ಕುಡಿಯುವ ಸದ್ದು ಕೇಳುತ್ತಿತ್ತು. ನಮ್ಮ ಮನೆಯ ನೀರನ್ನಾದರೂ ಕುಡಿದನಲ್ಲ ಎನಿಸಿತು. ಎಲ್ಲಿಗೆ ಬಂದೆ ನಾನು.

ಸೆಪ್ಟೆಂಬರ್ 16, ಸೋಮವಾರ

ಯಾರಿಗೂ ತಿಳಿಯದ ಹಾಗೆ ಸರಿಮಾಡಿಬಿಡೋಣ ಎಂದುಕೊಂಡೆ. ನಾನು ಕಟ್ಟಿದ ಗಂಟು ಈವರೆಗೆ ಬಿಚ್ಚಿಕೊಂಡದ್ದಿಲ್ಲ.

ಎಲ್ಲರೂ ಊಟಕ್ಕೆ ಹೋದಾಗ ವಿದ್ಯುತ್ತಿನ ಗುಂಡಿ ಆರಿಸಿ ಸಂದಿಗೆ ಕೈ ಹಾಕಿದೆ. ಅಲ್ಲಿಗೆ ಕಣ್ಣು ಹೋಗದು, ಬೆರಳಿನದೇ ಕೆಲಸ. ಪ್ಲಗ್ಗಿನ ಕಡೆಯ ಎರಡು ಮೋಟು ತುದಿಗಳು ಒಂದನ್ನೊಂದು ತಬ್ಬಿಕೊಂಡಿದ್ದವು. ಬಿಡಿಸಿದೆ. ಕೇಬಲ್ಲಿನ ಕಡೆಯ ಎರಡು ತುದಿಗಳನ್ನು ಹುಡುಕಿ, ಉಗುರಿನಿಂದ ಸಿಪ್ಪೆ ಸುಲಿದು, ಆ ಮೋಟುಗಳಿಗೆ ಒಂದೊಂದಾಗಿ ಹೊಸೆದು, ಮೇಲೆ ನನ್ನ ಒಂದೆಳೆಯ ಗಂಟು ಹಾಕಿದೆ. ಯಾವುದಕ್ಕೆ ಯಾವುದು? ಎರಡೂ ಕೆಂಪು. ಕೆಂಪಿಗೆ ಕೆಂಪು ಸೇರಿಸಿದೆ.

ಕಳ್ಳಿಯ ಹಾಗೆ ಕೈ ತೊಳೆದುಕೊಂಡೆ. ನಾನು ಬೆಳೆಸಿದ ಅಂಗಡಿಯಲ್ಲಿ.

ಸೆಪ್ಟೆಂಬರ್ 17, ಮಂಗಳವಾರ

ಬೆಳಿಗ್ಗೆ ಯಂತ್ರ ಮಿಸುಕಲಿಲ್ಲ. ಕೆಟ್ಟ ಹದ್ದಾದರೂ ಬರುತ್ತಿತ್ತು, ಈಗ ಒಂದು ಹೊಲಿಗೆಯೂ ಇಲ್ಲ. ಪರದೆಯ ಮೇಲೆ ಕಾಯುವ ಗುರುತು, ಯಂತ್ರದ ಮೇಲೆ ಮಿಣುಕುವ ದೀಪ, ಎರಡೂ ಸುಮ್ಮನೆ ಕೂತಿದ್ದವು.

ಅಳಿಯ ಬಹಳ ಹೊತ್ತು ನೋಡಿದ. ಆಮೇಲೆ ಮಗಳಿಗೆ ಹೇಳಿದ, "ಅದು ಇದರ ಮಾತಿಗೆ ಕಾಯ್ತಿದೆ, ಇದು ಅದರ ಮಾತಿಗೆ. ಬಾಯಿಗೆ ಬಾಯಿ, ಕಿವಿಗೆ ಕಿವಿ ಸೇರಿಸಿದ ಹಾಗಿದೆ. ಹೀಗೇ ಬಿಟ್ರೆ ಸಾಯೋ ತನಕ ಕಾಯ್ತವೆ."

ಈ ಸಲ ನನಗೆ ಯಂತ್ರ ಸರಿಸಬೇಡಿ ಎನ್ನಲು ಬಾಯಿ ಬರಲಿಲ್ಲ.

ನಾಲ್ಕು ಜನ ಸೇರಿ ಸರಿಸಿದರು. ಅಳಿಯ ಬಗ್ಗಿ ಪ್ಲಗ್ಗನ್ನು ಬೆಳಕಿಗೆ ಹಿಡಿದ. ನಾನು ಹಾಕಿದ ಗಂಟು ಅದು. ಈ ಅಂಗಡಿಯಲ್ಲಿ ಆ ಗಂಟು ಹಾಕುವವಳು ನಾನೊಬ್ಬಳೇ, ಕಲಿಸಿಕೊಡಿ ಎಂದವರಿಗೂ ಕಲಿಸಿಲ್ಲ. ಅವನು ನೋಡಿದ. ತಲೆ ಎತ್ತಿ ನನ್ನನ್ನು ನೋಡಿದ. ಗುಂಡುಸೂಜಿ, "ಏನಾಗಿದೆ, ತೋರಿಸಿ" ಎಂದು ಬಗ್ಗುವಷ್ಟರಲ್ಲಿ ಅಂಗೈ ಮುಚ್ಚಿದ.

"ಇಲಿ ಕಡಿದಿದೆ" ಎಂದ.

"ಇಲಿನಾ! ದೊಡ್ಡಮ್ಮ ಇರೋ ಜಾಗಕ್ಕೆ ಬರೋಕೆ ಇಲಿಗೆ ಎಷ್ಟು ಧೈರ್ಯ!"

ಎಲ್ಲ ನಕ್ಕರು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಅವನು ಗಂಟನ್ನು ಬಿಚ್ಚಿದ, ಕತ್ತರಿಸಲಿಲ್ಲ. ನಿಧಾನವಾಗಿ ಬಿಚ್ಚಿ, ತಂತಿಗಳನ್ನು ಅದಲು ಬದಲು ಮಾಡಿ ಬೆಸುಗೆ ಹಾಕಿದ. ಸಂಜೆವರೆಗೆ ಮಟ್ಟ ಕೂರಿಸಿದರು. ಕೊನೆಗೆ ಒಂದು ಹದ್ದು ಹೊಲಿದು ನೋಡಿದರು. ನಡುನಡುವೆ ಯಂತ್ರ 'ತಾಳು' ಎಂದಾಗ ಕಂಪ್ಯೂಟರ್ ತಾಳುವುದು ಪರದೆಯಲ್ಲಿ ಕಾಣುತ್ತಿತ್ತು. ಎರಡೂ ರೆಕ್ಕೆ ಪೂರ್ತಿ ಬಂದವು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸೆಪ್ಟೆಂಬರ್ 18, ಬುಧವಾರ

ಗುಂಡುಸೂಜಿ ಮನೆಯಿಂದ ಇಲಿಬೋನು ತಂದು ಯಂತ್ರದ ಪಕ್ಕ ಇಟ್ಟಿದ್ದಾಳೆ. ಒಳಗೆ ಒಂದು ಚೂರು ಬ್ರೆಡ್ಡು. "ಸಿಕ್ಕಲಿ, ಬಾಲ ಹಿಡಿದು ಎತ್ತಿ ದೊಡ್ಡಮ್ಮನಿಗೆ ತೋರಿಸ್ತೀನಿ" ಎನ್ನುತ್ತಾಳೆ.

ದಿನವೆಲ್ಲ ಆ ಬೋನನ್ನು ಬಳಸಿಕೊಂಡು ಓಡಾಡಿದೆ.

ಅವನು ಯಾರಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ. ಜಗಳ ಆಡಲು ನನಗೆ ಬರುತ್ತದೆ. ಇದಕ್ಕೆ ಏನು ಮಾಡಬೇಕೆಂದು ತಿಳಿಯದು.

ಮಗಳು ಅಟ್ಟದಿಂದ ಪೆಟ್ಟಿಗೆ ಇಳಿಸಿ ಒರೆಸುತ್ತಿದ್ದಳು.

ಸೆಪ್ಟೆಂಬರ್ 19, ಗುರುವಾರ

ಹೇಳಿದೆ.

ಬೆಳಿಗ್ಗೆ ಎಲ್ಲರೂ ಬಂದು ಕೂತ ಮೇಲೆ ಇಲಿಬೋನನ್ನು ಎತ್ತಿ ಮೇಜಿನ ಮೇಲಿಟ್ಟೆ. "ಸಿಕ್ಕಿತಾ?" ಎಂದು ಗುಂಡುಸೂಜಿ ಎದ್ದು ಬಂದಳು. ಬೋನು ಖಾಲಿ.

"ಇದನ್ನ ಮನೆಗೆ ತಗೊಂಡು ಹೋಗು" ಎಂದೆ. "ಇಲ್ಲಿ ಇಲಿ ಇಲ್ಲ. ತಂತಿ ಕತ್ತರಿಸಿದ್ದು ನಾನು. ದಾರ ಅಂದುಕೊಂಡೆ."

ಎರಡು ಕೆಂಪು ತುಂಡುಗಳನ್ನು ಬೋನಿನ ಪಕ್ಕ ಇಟ್ಟೆ. ಇಲ್ಲಿಗೆ ಮುಗಿಸಿಬಿಡು ಎಂದು ಒಳಗಿನಿಂದ ಯಾರೋ ಹೇಳುತ್ತಿದ್ದರು. ಅಳಿಯ ಯಂತ್ರದ ಹತ್ತಿರ ನಿಂತಿದ್ದ, ಅವತ್ತು ನಿಂತಿದ್ದ ಜಾಗದಲ್ಲೇ.

"ಊಟದ ಮಾತು ಆಡಿದ್ದೂ ನಾನೇ" ಎಂದೆ. "ಅದನ್ನ ಇಲಿ ಆಡಲಿಲ್ಲ. ಆಡಬಾರದಿತ್ತು. ಇವರೆಲ್ಲರ ಮುಂದೆ ಆಡಿದ್ದಕ್ಕೆ ಇವರೆಲ್ಲರ ಮುಂದೆ ಹೇಳ್ತಿದ್ದೀನಿ."

ಮುಖ ಸುಡುತ್ತಿತ್ತು. ಕಣ್ಣಲ್ಲಿ ನೀರು ಬಂದಿದ್ದರೆ ಬಟ್ಟೆ ಮೇಲೆ ಬೀಳುತ್ತಿತ್ತು, ಅದಕ್ಕೇ ಬರಗೊಡಲಿಲ್ಲ. ಅಳಿಯಂದಿರು ನೆಲ ನೋಡಿದರು, ಕೇಬಲ್ ನೋಡಿದರು, ಮತ್ತೆ ನೆಲ ನೋಡಿದರು.

ಆಮೇಲೆ ಹೇಳಿದರು. "ಅತ್ತೆ, ಆ ಪ್ಲಗ್ಗಿಗೆ ಮುಚ್ಚಳ ಹಾಕದೆ ಬಿಟ್ಟಿದ್ದು ನಾನು. ಸ್ಕ್ರೂ ಕಳೆದಿತ್ತು. ನಾಳೆ ತಂದರಾಯ್ತು, ನಾಳೆ ತಂದರಾಯ್ತು ಅಂತ ಸೋಮಾರಿತನ ಮಾಡಿದೆ. ಮುಚ್ಚಳ ಇದ್ದಿದ್ರೆ ಅದು ನಿಮ್ಮ ಕತ್ತರಿಗೆ ಸಿಗ್ತಿರಲಿಲ್ಲ. ತಂತಿ ವಿಷಯಕ್ಕೆ ನನಗೆ ಬೇಜಾರಿಲ್ಲ. ಇಲಿ ಅಂತ ಯಾಕೆ ಹೇಳಿದೆನೋ ನನಗೂ ಗೊತ್ತಿಲ್ಲ, ಬಾಯಿಗೆ ಬಂತು. ಆದರೆ ಊಟದ ಮಾತು... ಅದು ನನಗೆ ತುಂಬಾ ನೋವಾಯ್ತು. ಇನ್ನೂ ನೋವಿದೆ. ನೀವು ಹೀಗೆ ಹೇಳ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ. ಪೆಟ್ಟಿಗೆ ಕಾರ್ಖಾನೆಯವರಿಗೆ ಮಾತು ಕೊಟ್ಟಿದ್ದೀನಿ. ಯೋಚಿಸಬೇಕು. ಯೋಚಿಸಿ ಹೇಳ್ತೀನಿ."

"ಆಗಲಿ" ಎಂದೆ.

ಮತ್ತೆ ಕೇಳಿದೆ, "ನಾನು ಕತ್ತರಿಸಿದ ಮೇಲೂ ಅದು ಓಡ್ತಿತ್ತಲ್ಲ, ಹೇಗೆ?"

ಅದಕ್ಕೂ ಯೋಚಿಸಿದರು. "ಮೋಟು ತುದಿಗಳು ಒಂದಕ್ಕೊಂದು ತಾಗಿರಬೇಕು. ಕಂಪ್ಯೂಟರ್ 'ಹೇಳಲಾ?' ಅಂತ ಕೇಳಿದ್ದು ತಿರುಗಿ ಅದರ ಕಿವಿಗೇ ಬಂದಿದೆ. ಯಂತ್ರಾನೇ ಹೂಂ ಅಂದಿದೆ ಅಂದುಕೊಂಡು ಹೇಳ್ತಾನೇ ಹೋಗಿದೆ, ಪಾಪ."

ಮಗಳು ತಟ್ಟನೆ ನನ್ನ ಮುಖ ನೋಡಿ, ಅಷ್ಟೇ ಬೇಗ ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. ನಗುವೋ ಅಳುವೋ, ವಿಚಾರಿಸಲಿಲ್ಲ.

ಗುಂಡುಸೂಜಿ ಬೋನಿನಿಂದ ಬ್ರೆಡ್ಡನ್ನು ತೆಗೆದು ಹೊರಗೆ ಗುಬ್ಬಿಗಳಿಗೆ ಎಸೆದಳು.

ಸೆಪ್ಟೆಂಬರ್ 21, ಶನಿವಾರ

ಅಳಿಯಂದಿರು ಇನ್ನೂ ಏನೂ ಹೇಳಿಲ್ಲ. ನಾನೂ ಕೇಳಿಲ್ಲ.

ಹದ್ದುಗಳು ಒಂದೊಂದಾಗಿ ಬರುತ್ತಿವೆ. ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ದಾರ ಬದಲಿಸುತ್ತ ಕೂತಿರುತ್ತೇನೆ, ಕನ್ನಡಕ ಹಾಕಿಕೊಂಡು. ಗುಂಡುಸೂಜಿ "ದೊಡ್ಡಮ್ಮ ಈಗ ಹೆಡ್ ಮೇಡಂ ಥರ ಕಾಣ್ತೀರಿ" ಎಂದಳು. ಬಾಯಿ ಮುಚ್ಚು ಎಂದೆ.

ಪೆಟ್ಟಿಗೆ ತುಂಬಿ ಬಾಗಿಲ ಹತ್ತಿರ ನಿಂತಿದೆ. ನಾಳೆ ಇಪ್ಪತ್ತೆರಡು.

ಸೆಪ್ಟೆಂಬರ್ 22, ಭಾನುವಾರ

ಬೆಳಿಗ್ಗೆ ಇಬ್ಬರೂ ಹೊರಗೆ ಹೋದರು, ಪೆಟ್ಟಿಗೆ ಬಿಟ್ಟು. ನಾನು ಅಡಿಗೆ ಮಾಡಿದೆ. ಎಷ್ಟು ಜನಕ್ಕೆ ಎಂದು ಗೊತ್ತಿಲ್ಲದೆ ಅಡಿಗೆ ಮಾಡಿದ್ದು ಇದೇ ಮೊದಲು.

ಮಧ್ಯಾಹ್ನ ಬಂದರು. ಕಾರ್ಖಾನೆಗೆ ಹೋಗಿ ಬಂದಿದ್ದರಂತೆ. ಅಳಿಯಂದಿರು ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಯ ಹತ್ತಿರ ನಿಂತು, ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು. ನಾನು ಕೈಯಲ್ಲಿ ಸೌಟು ಹಿಡಿದುಕೊಂಡು ನಿಂತಿದ್ದೆ. ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿತು, ಹಾಗೇ ನಿಂತಿದ್ದೆ.

"ಅವರಿಗೆ ಬರಲ್ಲ ಅಂತ ಹೇಳಿ ಬಂದೆ" ಎಂದರು. "ಆದರೆ ಅತ್ತೆ, ಇನ್ನೊಂದು ಸಲ ಆ ಮಾತು ಬಂದರೆ ಪೆಟ್ಟಿಗೆ ತುಂಬೋಕೆ ನನಗೆ ಒಂದು ಗಂಟೆ ಸಾಕು."

"ಸರಿ" ಎಂದೆ. "ಸಾರು ಉಕ್ಕಿ ಅರ್ಧ ಆಗಿದೆ. ಇದ್ದದ್ದು ಬಡಿಸ್ತೀನಿ."

ಮಗಳು ಮೂರು ತಟ್ಟೆ ಇಟ್ಟಳು. "ಏನಮ್ಮ, ನೀನು ಸಾರು ಉಕ್ಕೋಕೆ ಬಿಟ್ಟಿದ್ದನ್ನ ನಾನು ನೋಡೇ ಇಲ್ಲ" ಎಂದಳು. ಗಮನ ತಪ್ಪಿತು ಎಂದೆ. ನಿಜವಾಗಿಯೂ ಏನಾಗಿತ್ತೋ.

ಸೆಪ್ಟೆಂಬರ್ 25, ಬುಧವಾರ

ಕೋಟುಗಳು ಮುಗಿದವು. ಬ್ಯಾಂಡ್ ಮೇಷ್ಟ್ರು ಒಂದನ್ನು ತೊಟ್ಟು ಬೆನ್ನು ತಿರುಗಿಸಿ ನಡೆದು ತೋರಿಸಿದರು. ಒಳ್ಳೆಯ ಕೆಲಸ ಮಾಡಿದ್ದೀರಿ ಎಂದಾಗ, "ಹದ್ದು ನಮ್ಮ ಅಳಿಯಂದಿರದು" ಎಂದೆ. ಹೇಳುವಾಗ ಇನ್ನೂ ಮುಖ ಬಿಸಿಯಾಗುತ್ತದೆ.

ಸಂಜೆ ಕತ್ತರಿ ಹಿಡಿದು ಸುತ್ತು ಹೋದೆ. ಈಗ ಗೋಡೆಯಿಂದ ದೂರ ಸರಿಸಿಟ್ಟ ಯಂತ್ರದ ಹಿಂದೆ, ಮುಚ್ಚಳ ಹಾಕಿದ ಆ ಪ್ಲಗ್ಗಿನ ಸ್ವಲ್ಪ ಕೆಳಗೆ, ಒಂದು ಕೆಂಪು ಎಳೆ ಜೋತಿತ್ತು. ಕನ್ನಡಕದಲ್ಲಿ ನೋಡಿದೆ. ಬೆರಳಲ್ಲಿ ಹೊರಳಿಸಿ ನೋಡಿದೆ. ಆದರೂ ಕತ್ತರಿ ಮುಂದೆ ಹೋಗಲಿಲ್ಲ.

"ಸ್ವಲ್ಪ ಬನ್ನಿ ಇಲ್ಲಿ" ಎಂದು ಕರೆದೆ. "ಇದನ್ನ ಕತ್ತರಿಸಲಾ?"

ಅವರು ಬಂದರು. ಬಗ್ಗಿದರು. ಎಳೆಯನ್ನು ಹಿಡಿದು ಎಲ್ಲಿಂದ ಬಂದಿದೆ ಎಂದು ಬುಡದವರೆಗೆ ಹುಡುಕುತ್ತ ಹೋದರು. ದೀಪದ ಕಡೆ ತಿರುಗಿಸಿ ಮತ್ತೊಮ್ಮೆ ನೋಡಿದರು. ಗುಂಡುಸೂಜಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ಒಂದು ಕಾಲು ಹೊರಗಿಟ್ಟು ನಿಂತಿದ್ದಳು, ಏನಾಗುತ್ತದೋ ನೋಡಿಯೇ ಹೋಗುವವಳಂತೆ.

"ದಾರಾನೇ ಅತ್ತೆ" ಎಂದರು. "ಕತ್ತರಿಸಿ."

ಕತ್ತರಿಸಿದೆ.